ಸಹಾಯ ಬೇಕು: ದಾಖಲೆಯೇ ಇಲ್ಲದವರಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ಕಡೆಯ ನಮ್ಮೂರಿನ ಹೊರಗೆ ಗುಡಾರ ಹಾಕಿಕೊಂಡಿರುವ ಅಲೆಮಾರಿ ಕುಟುಂಬದ ಹೆಣ್ಣುಮಗಳೊಬ್ಬರಿಗೆ ಹೃದಯದ ಕವಾಟ ಬದಲಿಸಬೇಕೆಂದು ವೈದ್ಯರು ತಿಳಿಸಿದ್ದಾರೆ. ಜನನ ಪತ್ರ, ಶಾಲೆಯ ಟಿ.ಸಿ., ಮತದಾರರ ಚೀಟಿ ಯಾವುದೂ ಇಲ್ಲ. ಇರುವುದು ಮಾಸಿದ ಓಪಿಡಿ ಚೀಟಿಯೊಂದೇ, ಅದರಲ್ಲಿಯೂ ವಯಸ್ಸಿನ ಜಾಗದಲ್ಲಿ ‘ಸುಮಾರು 30’ ಎಂದಿದೆ. ಮಾತ್ರೆಗಳಿಗೇನೂ ತೊಂದರೆಯಾಗಿಲ್ಲ. ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯಬೇಕಾದರೆ ಆಧಾರ್ ಮತ್ತು ಬಿಪಿಎಲ್ ಪಡಿತರ ಚೀಟಿ ಬೇಕು, ಪಡಿತರ ಚೀಟಿಗೂ ಆಧಾರ್ ಬೇಕು. ಆಧಾರ್ ಕೇಂದ್ರದವರು ವಿಳಾಸದ ಪುರಾವೆ ಕೇಳಿದರೆ, ವಾಸಸ್ಥಳ ಪ್ರಮಾಣಪತ್ರ ಕೊಡಬೇಕಾದ ಕಚೇರಿಯವರು ಮೊದಲು ಆಧಾರ್ ತನ್ನಿ ಎನ್ನುತ್ತಾರೆ. (ತಲೆಮಾರುಗಳಿಂದ ಇದೇ ಸೀಮೆಯಲ್ಲಿ ಅಲೆದವರಿಗೆ ಈ ಪ್ರಶ್ನೆ!) ಗೆಜೆಟೆಡ್ ಅಧಿಕಾರಿಯೊಬ್ಬರು ಯುಐಡಿಎಐ (ಆಧಾರ್ ನೀಡುವ ಪ್ರಾಧಿಕಾರ) ನಮೂನೆಯಲ್ಲಿ ಸಹಿ ಮಾಡಿಕೊಟ್ಟ ಪ್ರಮಾಣಪತ್ರವೊಂದರಿಂದಲೇ ವಯಸ್ಕರಿಗೆ ಹೊಸದಾಗಿ ಆಧಾರ್ ಮಾಡಿಸಿದವರು ಕೋಲಾರ ಜಿಲ್ಲೆಯಲ್ಲಿ ಯಾರಾದರೂ ಇದ್ದೀರಾ, ಅದಕ್ಕೆ ಯಾವ ಅಧಿಕಾರಿಯನ್ನು ಕಾಣಬೇಕು?