‘ದೇಹ ತಂಪುಗೊಳಿಸುವುದು’: ಮಹಾಪಧಮನಿ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಕಮಾನಿಗೆ, ಅಂದರೆ ಅದು ಬಾಗುವ ಭಾಗಕ್ಕೆ, ಆಪರೇಷನ್ ಆಗಬೇಕಾದವರ ಮನೆಮಂದಿಗಾಗಿ ಬರೆದ ಕನ್ನಡ ಕೈಪಿಡಿಯೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲೊಂದು ವಾಕ್ಯ ಹೀಗಿದೆ: ‘ಶಸ್ತ್ರಚಿಕಿತ್ಸೆಯ ವೇಳೆ ದೇಹವನ್ನು ತಂಪುಗೊಳಿಸಲಾಗುತ್ತದೆ. ಇದರಿಂದ ಮೂತ್ರಪಿಂಡಗಳಿಗೆ ತೀವ್ರ ಹಾನಿಯಾಗಬಹುದು.’ ಇದರಲ್ಲಿ ಮೂರು ಪದಗಳು ದಾರಿ ತಪ್ಪಿಸುತ್ತಿವೆ ಎಂದು ನನ್ನ ಅನಿಸಿಕೆ. ಬಲ್ಲವರು ಅಭಿಪ್ರಾಯ ತಿಳಿಸಬೇಕು.

ಮೊದಲು ‘ತಂಪು’. ಇದು ನಮ್ಮ ಬಾಯಲ್ಲಿ ಬಹುಮಟ್ಟಿಗೆ ಹಿತದ ಮಾತು. ಮಜ್ಜಿಗೆ ತಂಪು, ಎಳನೀರು ತಂಪು. ಉರಿಮೂತ್ರ ಶುರುವಾದರೆ ‘ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ, ತಂಪಾಗುತ್ತೆ’ ಅನ್ನುತ್ತಾರೆ ಹಿರಿಯರು. ಹೀಗೆ ತಂಪಿಗೂ ಮೂತ್ರಕ್ಕೂ ಭಾಷೆಯೊಳಗೇ ಒಂದು ನಂಟಿದೆ. ಈ ವಾಕ್ಯವನ್ನು ಓದುವ ಅಜ್ಜಿ ‘ತಂಪು ಮಾಡಿದರೆ ಕಿಡ್ನಿಗೆ ಒಳ್ಳೇದಲ್ಲವಾ?’ ಎಂದು ಕೇಳಿದರೆ ತಪ್ಪು ಅಜ್ಜಿಯದಲ್ಲ. ‘ಶೀತ’ ಎಂದರೆ ಮೂಗು ಸೋರುತ್ತದೆ. ‘ಮೈ ತಣ್ಣಗಾಗಿಸುವುದು’ ಎಂದು ಬರೆಯಲು ಕೈಯೇ ಬರುವುದಿಲ್ಲ; ‘ಮೈ ತಣ್ಣಗಾಯ್ತು’ ಎಂಬ ಮಾತನ್ನು ನಾವು ಯಾವಾಗ ಆಡುತ್ತೇವೆ ಎಂಬುದು ಎಲ್ಲರಿಗೂ ಗೊತ್ತು. ‘ಬಿಸಿ ಇಳಿಸುವುದು’ ಎಂದರೆ ಜ್ವರ ಇಳಿಸಿದಂತೆ ಕೇಳುತ್ತದೆ. ನನಗೆ ಹತ್ತಿರವೆನಿಸಿದ್ದು ‘ಮೈಕಾವು ಇಳಿಸುವುದು’. ಪಕ್ಕದಲ್ಲಿ ಅಂಕಿಯೂ ಇರಬೇಕು: ‘37 ಡಿಗ್ರಿ ಇರುವ ಮೈಕಾವನ್ನು 25 ಡಿಗ್ರಿಗೆ ಇಳಿಸುತ್ತಾರೆ’.

ಎರಡನೆಯದು ‘ಇದರಿಂದ’. ನನಗೆ ಹೆಚ್ಚು ಆತಂಕವಾಗಿರುವುದು ಇದರ ಬಗ್ಗೆಯೇ, ಏಕೆಂದರೆ ಇಲ್ಲಿ ಕಾರಣವೇ ಅದಲುಬದಲಾಗಿದೆ. ಕಮಾನಿನ ಭಾಗಕ್ಕೆ ಕೃತಕ ನಾಳ ಹೊಲಿಯಬೇಕಾದರೆ ಅಲ್ಲಿ ರಕ್ತ ಹರಿಯುತ್ತಿರಬಾರದು. ಆದ್ದರಿಂದ ಹಾರ್ಟ್-ಲಂಗ್ ಯಂತ್ರದಲ್ಲಿ (ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಪಂಪ್) ರಕ್ತವನ್ನೇ ತಣಿಸಿ, ಮೈಕಾವು ಇಳಿದ ಮೇಲೆ, ರಕ್ತಸಂಚಾರವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಒಂದೊಂದು ಡಿಗ್ರಿ ಇಳಿದಾಗಲೂ ಅಂಗಗಳಿಗೆ ಬೇಕಾಗುವ ಆಮ್ಲಜನಕ ಶೇ. 6-7ರಷ್ಟು ಕಡಿಮೆಯಾಗುತ್ತದೆ. ಕಾವು ಇಳಿಸಿದರೆ ಅಂಗಗಳು ಹೆಚ್ಚು ಹೊತ್ತು ತಡೆದುಕೊಳ್ಳುತ್ತವೆ ಎಂದು ಟೊರೊಂಟೊದ ಶಸ್ತ್ರವೈದ್ಯ ಬಿಗೆಲೋ 1950ರ ಸುಮಾರಿಗೆ ಪ್ರಾಣಿಗಳಲ್ಲಿ ತೋರಿಸಿದ್ದರು. 1975ರಲ್ಲಿ ಅಮೆರಿಕದ ಶಸ್ತ್ರವೈದ್ಯ ಗ್ರೀಪ್ ಮತ್ತು ಸಂಗಡಿಗರು ಇದೇ ವಿಧಾನದಿಂದ ನಾಲ್ವರಿಗೆ ಕಮಾನು ಬದಲಿಸಿದ್ದನ್ನು ಪ್ರಕಟಿಸಿದರು. ಅಂದರೆ ಕಾವು ಇಳಿಸುವುದು ಕಿಡ್ನಿಗೆ ರಕ್ಷಣೆ. ಪೆಟ್ಟು ಕೊಡುವುದು ರಕ್ತ ನಿಂತ ಹೊತ್ತು. ಕತ್ತಿನ ನಾಳದ ಮೂಲಕ ಮೆದುಳಿಗೆ ಬೇರೆಯಾಗಿ ರಕ್ತ ಕೊಡುತ್ತಿದ್ದರೂ, ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಕಿಡ್ನಿಗೆ ಹರಿವು ಇರುವುದಿಲ್ಲ. ಕಿಡ್ನಿಯ ಒಳಪದರವಂತೂ ಮಾಮೂಲಿ ದಿನಗಳಲ್ಲೂ ಕಡಿಮೆ ಆಮ್ಲಜನಕದಲ್ಲೇ ಕೆಲಸ ಮಾಡುವಂಥದ್ದು.

ಹಾಗೆಂದು ಕಾವು ಎಷ್ಟು ಇಳಿಸಿದರೂ ನಷ್ಟವಿಲ್ಲ ಅನ್ನುವಂತಿಲ್ಲ. ಹೆಚ್ಚು ಇಳಿಸಿದರೆ ಇಳಿಸಲೂ ಏರಿಸಲೂ ಯಂತ್ರದ ಮೇಲಿರುವ ಹೊತ್ತು ಬೆಳೆಯುತ್ತದೆ, ರಕ್ತ ಹೆಪ್ಪುಗಟ್ಟುವುದು ಕೆಡುತ್ತದೆ, ಬೇರೆಯವರ ರಕ್ತ ಕೊಡಬೇಕಾಗಬಹುದು. ಇವೂ ಕಿಡ್ನಿಗೆ ಹೊರೆ. ಮತ್ತೆ ಬೆಚ್ಚಗಾಗಿಸುವಾಗ ಯಂತ್ರದಿಂದ ಮೈಗೆ ಹೋಗುವ ರಕ್ತ 37 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ, ಅದು ಮುಖ್ಯವಾಗಿ ಮೆದುಳನ್ನು ಕಾಪಾಡಲು. ಇಷ್ಟನ್ನೆಲ್ಲ ಒಂದು ‘ಇದರಿಂದ’ ಹೊರಲಾರದು. ‘ಕಿಡ್ನಿಯನ್ನು ಕಾಪಾಡಲು ಮೈಕಾವು ಇಳಿಸುತ್ತಾರೆ, ಆದರೂ ರಕ್ತಸಂಚಾರ ನಿಲ್ಲಿಸಿದ ಹೊತ್ತು ಹೆಚ್ಚಾದರೆ ಕಿಡ್ನಿಗೆ ಪೆಟ್ಟಾಗಬಹುದು’ ಎಂದು ಬಿಡಿಸಿ ಬರೆಯೋಣವೇ? ‘ಸ್ತಂಭನ’ ಎಂದು ಬರೆಯದೆ ‘ನಿಲ್ಲಿಸು’ ಎಂದಿರುವುದು ಬೇಕೆಂದೇ. ಹೃದಯ ಸ್ತಂಭನದ ಸಾವಿನ ಸುದ್ದಿ ಪತ್ರಿಕೆಯಲ್ಲಿ ಓದಿದವರಿಗೆ ಆ ಪದ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ‘ನಿಲ್ಲಿಸುತ್ತಾರೆ’ ಎಂದರೆ ತಿಳಿದೇ ಮಾಡುತ್ತಿದ್ದಾರೆ ಎಂದಾಗುತ್ತದೆ.

ಮೂರನೆಯದು ‘ತೀವ್ರ’. ಇಂಗ್ಲಿಷಿನ ‘ಅಕ್ಯೂಟ್’ ಎಂಬುದಕ್ಕೆ ನಮ್ಮ ನಿಘಂಟುಗಳು ಕೊಡುವುದು ಇದನ್ನೇ. ಆದರೆ ‘ತೀವ್ರ ಹಾನಿ’ ಎಂದರೆ ನಮಗೆ ಜೋರಾದ ಹಾನಿ. ವೈದ್ಯರು 2012ರ ಅಂತರರಾಷ್ಟ್ರೀಯ ಮಾನದಂಡದಂತೆ 48 ಗಂಟೆಯೊಳಗೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದಲ್ಲಿನ ಕಶ್ಮಲ) ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೂ ‘ಅಕ್ಯೂಟ್ ಕಿಡ್ನಿ ಇಂಜುರಿ’ ಎಂದೇ ಕರೆಯುತ್ತಾರೆ. ಅಂಥವರಲ್ಲಿ ಅನೇಕರಿಗೆ ಡಯಾಲಿಸಿಸ್ ಬೇಕಾಗುವುದೇ ಇಲ್ಲ. ಇಲ್ಲಿನ ಅರ್ಥ ‘ಕೆಲವೇ ಗಂಟೆ, ದಿನಗಳಲ್ಲಿ ಕಾಣಿಸಿಕೊಂಡದ್ದು’ ಎಂದು. ‘ಹಠಾತ್ ಕಿಡ್ನಿ ಹಾನಿ’ ನನ್ನ ಸಲಹೆ. ‘ದಿಢೀರ್’ ಬೇಡ, ಅದು ಇಡ್ಲಿ ಹಿಟ್ಟಿನ ಪೊಟ್ಟಣದ ಮಾತಾಗಿದೆ.

ಉಳಿದ ತೊಡಕು ಇನ್ನೊಂದು. 2013ರಲ್ಲಿ ತಜ್ಞರು ಒಮ್ಮತದಿಂದ ಮೈಕಾವು ಇಳಿಸುವುದರಲ್ಲಿ ನಾಲ್ಕು ಮಟ್ಟ ಗುರುತಿಸಿದ್ದಾರೆ: 28.1ರಿಂದ 34 ಡಿಗ್ರಿ, 20.1ರಿಂದ 28, 14.1ರಿಂದ 20, ಮತ್ತು 14 ಅಥವಾ ಅದಕ್ಕೂ ಕಡಿಮೆ. ಮೊದಲೆರಡಕ್ಕೆ ‘ಅಲ್ಪ’, ‘ಮಧ್ಯಮ’ ಸಾಕು. ಕೊನೆಯೆರಡಕ್ಕೆ ‘ಆಳ’, ‘ಗಾಢ’ ಎಂದರೆ ಯಾವುದು ಹೆಚ್ಚು ಎಂದು ಓದುಗರಿಗೆ ಹೊಳೆಯುವುದಿಲ್ಲ. ‘ಹೆಚ್ಚು ಇಳಿಕೆ’, ‘ಅತಿ ಹೆಚ್ಚು ಇಳಿಕೆ’ ಎಂದರೆ ನಡೆದೀತೇ? ಉತ್ತರ ಕರ್ನಾಟಕದ, ಕರಾವಳಿಯ ಗೆಳೆಯರೇ, ನಿಮ್ಮ ಕಡೆ ‘ಕಾವು’ ಮೈಗೂ ಸಲ್ಲುತ್ತದೆಯೇ, ಒಲೆಗೂ ಮೊಟ್ಟೆಗೂ ಮಾತ್ರವೇ? ಆಪರೇಷನ್ ಥಿಯೇಟರಿನಲ್ಲಿ ಪಂಪ್ ನೋಡಿಕೊಳ್ಳುವವರು ಯಾರಾದರೂ ಇಲ್ಲಿದ್ದರೆ, ರೋಗಿಯ ಕಡೆಯವರಿಗೆ ನೀವು ಬಾಯಿಮಾತಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ ಎಂಬುದನ್ನು ಅದೇ ಮಾತಿನಲ್ಲಿ ಬರೆದು ಕಳಿಸಿ.