ಕರುಳಿನ ಹಾರ್ಮೋನು ಹೊರಬರುವುದು ಆಹಾರದಿಂದಲೋ, ಜೀರ್ಣವಾದ ಆಹಾರದಿಂದಲೋ?

ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ:
ಕೊಬ್ಬು ಸಣ್ಣಕರುಳಿಗೆ ಇಳಿದಾಗ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ಪಿತ್ತಕೋಶ ಸಂಕುಚಿಸಿ, ಮೇದೋಜೀರಕ ಗ್ರಂಥಿಯಿಂದ ಕಿಣ್ವಗಳು ಹರಿಯುತ್ತವೆ ಎಂದು ಓದಿದ್ದೇನೆ. ಕರುಳಿನ ಕೋಶಗಳು ಗುರುತಿಸುವುದು ಇಡೀ ಕೊಬ್ಬನ್ನೋ, ಒಡೆದ ಕೊಬ್ಬನ್ನೋ? ಒಡೆದದ್ದನ್ನೇ ಎಂದಾದರೆ, ಒಡೆಯುವ ಕಿಣ್ವ ಆ ಹಾರ್ಮೋನಿಗಿಂತ ಮೊದಲೇ ಬರುವುದಾದರೂ ಹೇಗೆ?

ನಿವೃತ್ತ ಅಧ್ಯಾಪಕ:
ಬಹಳ ಒಳ್ಳೆಯ ಪ್ರಶ್ನೆ. ಒಡೆದ ಕೊಬ್ಬನ್ನೇ ಗುರುತಿಸುತ್ತವೆ. ಮನುಷ್ಯರಲ್ಲಿ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಇಂಗಾಲದ ಪರಮಾಣುಗಳಿರುವ ಕೊಬ್ಬಿನಾಮ್ಲಗಳಷ್ಟೇ ಈ ಹಾರ್ಮೋನನ್ನು ಚೆನ್ನಾಗಿ ಹೊರಡಿಸುತ್ತವೆ. ಮೊದಲ ಕಂತಿನ ಕೊಬ್ಬಿನಾಮ್ಲ ಜಠರದಲ್ಲಿ ಕೊಬ್ಬನ್ನು ಒಡೆಯುವ ಕಿಣ್ವವಾದ ಲೈಪೇಸ್‌ನಿಂದಲೇ ಸಿಗುತ್ತದೆ. ಜೊತೆಗೆ ಊಟದ ವಾಸನೆ, ರುಚಿಗಳಿಂದ ಮೆದುಳಿನಿಂದ ಹೊಟ್ಟೆಯ ಅಂಗಗಳಿಗೆ ಹೋಗುವ ವೇಗಸ್ ನರ ಎಚ್ಚೆತ್ತು ಗ್ರಂಥಿಯಿಂದ ಸ್ವಲ್ಪ ಕಿಣ್ವವನ್ನು ಮುಂಚಿತವಾಗಿಯೇ ತರಿಸಿರುತ್ತದೆ.

ಮೇದೋಜೀರಕ ರಸವನ್ನು ತರಿಸುವ ಕರುಳಿನ ಇನ್ನೊಂದು ಹಾರ್ಮೋನಾದ ಸೆಕ್ರೆಟಿನ್‌ಗೆ ಮುಖ್ಯ ಪ್ರಚೋದನೆ ಆಮ್ಲ. ಸಣ್ಣಕರುಳಿನ ಮೊದಲ ಭಾಗದ ಪಿಎಚ್ ಸುಮಾರು 4.5ಕ್ಕಿಂತ ಕೆಳಗಿಳಿದಾಗ ಅದು ಹೊರಬರುತ್ತದೆ. ಗ್ರಂಥಿಯ ಕೆಲಸವೆಲ್ಲ ನರಗಳ ಮೂಲಕವೇ ಎಂದು ರಷ್ಯಾದ ಶರೀರಕ್ರಿಯಾ ವಿಜ್ಞಾನಿ ಪಾವ್ಲೋವ್ ಅವರ ಬಳಗ ನಂಬಿದ್ದ ಕಾಲದಲ್ಲಿ, 1902ರಲ್ಲಿ, ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅವರು ಅರಿವಳಿಕೆ ಕೊಟ್ಟ ನಾಯಿಯ ಸಣ್ಣಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಒಳಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರು. ಆದರೂ ಮೇದೋಜೀರಕ ರಸ ತೊಟ್ಟಿಕ್ಕಿತು. ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ರಕ್ತನಾಳಕ್ಕೆ ಚುಚ್ಚಿದಾಗಲೂ ರಸ ಬಂದಿತು. ಅಂದರೆ ಸಂದೇಶ ಹೋದದ್ದು ನರದಿಂದಲ್ಲ, ರಕ್ತದಲ್ಲಿ ಸಾಗಿದ ಸೆಕ್ರೆಟಿನ್‌ನಿಂದ. ನನ್ನ ಪಾಲಿಗೆ ಶರೀರಕ್ರಿಯಾಶಾಸ್ತ್ರದಲ್ಲಿ ಇಷ್ಟು ಸರಳವೂ ನಿರ್ಣಾಯಕವೂ ಆದ ಪ್ರಯೋಗಗಳು ಕೆಲವೇ. ‘ಹಾರ್ಮೋನ್’ ಎಂಬ ಹೆಸರು ಬಳಕೆಗೆ ಬಂದದ್ದು 1905ರಲ್ಲಿ.

ಪಶುವೈದ್ಯ:
ಅಧ್ಯಾಪಕರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪ್ರಚೋದನೆ ಎಲ್ಲ ಪ್ರಾಣಿಗಳಲ್ಲೂ ಒಂದೇ ಬಗೆಯದಲ್ಲ. ಇಲಿಗಳ ಕರುಳಿನೊಳಗೆ ಕೋಲಿಸಿಸ್ಟೋಕೈನಿನ್ ಹೊರಡಿಸುವ ಪೆಪ್ಟೈಡುಗಳು (ಚಿಕ್ಕ ಪ್ರೋಟೀನಿನಂಥ ಅಣುಗಳು) ಸ್ರವಿಸುತ್ತಲೇ ಇರುತ್ತವೆ. ಹೊಟ್ಟೆ ಖಾಲಿ ಇರುವಾಗ ಪ್ರೋಟೀನು ಒಡೆಯುವ ಕಿಣ್ವವಾದ ಟ್ರಿಪ್ಸಿನ್ ಅವನ್ನು ಕತ್ತರಿಸಿ ಹಾಕುತ್ತದೆ. ಪ್ರೋಟೀನು ಬಂದರೆ ಟ್ರಿಪ್ಸಿನ್ ಅದರಲ್ಲೇ ತೊಡಗಿಕೊಳ್ಳುವುದರಿಂದ ಆ ಪೆಪ್ಟೈಡುಗಳು ಉಳಿದು ಹಾರ್ಮೋನನ್ನು ಹೊರಡಿಸುತ್ತವೆ. ಹಸಿ ಸೋಯಾ ಅವರೆಯಲ್ಲಿ ಟ್ರಿಪ್ಸಿನ್ ಅನ್ನು ಕಟ್ಟಿಹಾಕುವ ಪ್ರೋಟೀನುಗಳಿವೆ. ಆದ್ದರಿಂದ ಅದನ್ನು ದಿನವೂ ತಿಂದ ಇಲಿಯ ಮೇದೋಜೀರಕ ಗ್ರಂಥಿ ಬಿಡುವಿಲ್ಲದೆ ಸ್ರವಿಸಿ, ಕೊನೆಗೆ ಗಾತ್ರದಲ್ಲೂ ಹಿಗ್ಗುತ್ತದೆ. ಕೋಳಿಮರಿಗಳಲ್ಲೂ ಗ್ರಂಥಿ ಹೀಗೆ ಹಿಗ್ಗುತ್ತದೆ, ಬೆಳವಣಿಗೆಯೂ ಕುಂಠಿತವಾಗುತ್ತದೆ. ಸೋಯಾ ಹಿಂಡಿಯನ್ನು ಸರಿಯಾಗಿ ಬಿಸಿ ಮಾಡಿಯೇ ಕೋಳಿ ಆಹಾರಕ್ಕೆ ಸೇರಿಸುವುದು ಇದಕ್ಕಾಗಿಯೇ. ನಾಯಿ ಮತ್ತು ಹಂದಿಗಳ ಗ್ರಂಥಿ ಮಾತ್ರ ಹಸಿ ಸೋಯಾದಿಂದ ಹಿಗ್ಗುವುದಿಲ್ಲ.

ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇಲಿಯಲ್ಲಿ ಕಂಡದ್ದನ್ನು ನಾಯಿಗೆ ಅನ್ವಯಿಸಿ ನಾನು ಬರೆದಿದ್ದ ಟಿಪ್ಪಣಿಯನ್ನು ತಿದ್ದಿಕೊಳ್ಳುತ್ತೇನೆ.