ಪದಚರ್ಚೆ: ಬಳೆಯೋ, ಉಂಗುರವೋ, ವಲಯವೋ? ಬೆನಿಟೋವೈಟ್ ಖನಿಜದ ನೆಪದಲ್ಲಿ ಕೆಲವು ಪ್ರಶ್ನೆಗಳು

ಗೆಳೆಯರೆ,

ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ವಿಜ್ಞಾನಕೋಶವೊಂದಕ್ಕೆ ಖನಿಜಗಳ ಕುರಿತು ಕಿರುಬರಹಗಳನ್ನು ಬರೆಯುತ್ತಿದ್ದೇನೆ. ಅವುಗಳಲ್ಲಿ ಹದಿನೈದು ಸಾಲಿನ ಒಂದು ಬರಹ ಮೂರು ವಾರಗಳಿಂದ ಮುಗಿಯದೆ ಉಳಿದಿದೆ. ಖನಿಜದೊಳಗೆ ಪರಮಾಣುಗಳು ಕಟ್ಟಿಕೊಂಡ ಸುತ್ತಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಒಂದೇ ಒಂದು ಪದ ಅದನ್ನು ತಡೆದು ನಿಲ್ಲಿಸಿದೆ. ಆ ಪದವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಜೊತೆಗೆ ದಾರಿಯಲ್ಲಿ ಕಾಲಿಗೆ ತೊಡರಿದ ಇನ್ನೂ ಕೆಲವನ್ನು.

ಮೊದಲು ಬೆನಿಟೋವೈಟ್ ಖನಿಜದ ಪರಿಚಯ. ಇದು ಅಮೆರಿಕದ ಕ್ಯಾಲಿಫೋರ್ನಿಯಾದ ಸಾನ್ ಬೆನಿಟೋ ಎಂಬ ಕೌಂಟಿಯಲ್ಲಿ, ಅದೇ ಹೆಸರಿನ ನದಿಯ ಉಗಮದ ಬಳಿ ಸಿಕ್ಕಿದ ನೀಲಿ ಹರಳು. ಕಂಡವರು ಮೊದಲು ಇದನ್ನು ಇಂದ್ರನೀಲವೆಂದೇ ತಿಳಿದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೂವಿಜ್ಞಾನಿ ಜಾರ್ಜ್ ಲೌಡರ್‌ಬ್ಯಾಕ್ ಪರೀಕ್ಷಿಸಿ, ಅದುವರೆಗೆ ಯಾರೂ ವಿವರಿಸದಿದ್ದ ಖನಿಜ ಇದೆಂದು 1907ರಲ್ಲಿ ತಿಳಿಸಿ, ಸಿಕ್ಕಿದ ಜಾಗದ ಹೆಸರನ್ನೇ ಇಟ್ಟರು. 1985ರಲ್ಲಿ ಇದು ಆ ರಾಜ್ಯದ ಅಧಿಕೃತ ರತ್ನವಾಯಿತು. ಜಪಾನಿನಲ್ಲಿಯೂ ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿಯೂ ಈ ಖನಿಜ ಇದೆಯಾದರೂ, ಒಡವೆಗೆ ಒಪ್ಪುವ ಹರಳುಗಳಿಗೆ ಸಾನ್ ಬೆನಿಟೋವೇ ಹೆಸರಾದ ನೆಲೆ.

ಅನುವಾದಿಸುವವರಿಗೆ ಇಲ್ಲಿಯೇ ಮೊದಲ ಎಚ್ಚರಿಕೆ ಬೇಕು. ಇದನ್ನು 'ಕ್ಯಾಲಿಫೋರ್ನಿಯಾದ ನೀಲಮಣಿ' ಎಂದು ಬರೆದುಬಿಡುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಬರೆದರೆ 1907ರ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ನೀಲಮಣಿ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಸಿಲಿಕಾನ್‌ಗೆ ಜಾಗವೇ ಇಲ್ಲ. ಮೋಸ್ ಮಾಪಕದಲ್ಲಿ ಅದರ ಗಡಸುತನ 9, ಇದರದು 6ರಿಂದ 6.5. ನೀರಿಗಿಂತ ಅದು ನಾಲ್ಕು ಪಟ್ಟು ಭಾರ, ಇದು ಸುಮಾರು 3.6 ಪಟ್ಟು. ಬಣ್ಣವೊಂದನ್ನು ಬಿಟ್ಟರೆ ಎರಡಕ್ಕೂ ನಂಟಿಲ್ಲ.

ಇನ್ನು ಹೆಸರನ್ನು ಬರೆಯುವ ಬಗೆ. ನಾನು 'ಬೆನಿಟೋವೈಟ್' ಎಂದು ಬರೆದಿದ್ದೇನೆ. ಕರಡನ್ನು ಓದಿದ ಸ್ನೇಹಿತರು ಇದನ್ನು ಒಪ್ಪಲಿಲ್ಲ. ಒಬ್ಬರು 'ಬೆನಿಟೋಐಟ್' ಎಂದು ತಿದ್ದಿದರು, ಇನ್ನೊಬ್ಬರು 'ಬೆನಿಟೋಯಿಟ್' ಎಂದರು. ನನ್ನ ವಾದ ಇಷ್ಟು: ಗ್ರಾಫೈಟ್, ಬಾಕ್ಸೈಟ್, ಹೆಮಟೈಟ್ ಎಂದು ನಾವು ಬಹುಕಾಲದಿಂದ ಬರೆಯುತ್ತಿದ್ದೇವೆ, ಆದ್ದರಿಂದ ಕೊನೆಯಲ್ಲಿ 'ಐಟ್' ಇರಲೇಬೇಕು, 'ಇಟ್' ಅಲ್ಲ. ಅದರ ಹಿಂದೆ 'ಬೆನಿಟೋ' ಎಂಬ ಓಕಾರಾಂತ ಪದವಿದೆ. ಓಕಾರದ ಮುಂದೆ ಸ್ವರ ಬಂದರೆ ಕನ್ನಡದ ನಾಲಗೆ ವಕಾರವನ್ನು ತರುತ್ತದೆ: ಗೋವನ್ನು, ಫೋಟೋವನ್ನು, ರೇಡಿಯೋವನ್ನು. ವಿಭಕ್ತಿ ಹತ್ತುವಾಗಿನ ನಿಯಮವನ್ನು ಪರಭಾಷೆಯ ಪದದ ಹೊಟ್ಟೆಯೊಳಕ್ಕೆ ತರಬಹುದೇ ಎಂದು ನೀವು ಕೇಳಬಹುದು. 'ರೇಡಿಯೋ' ಎಂಬ ಪದವನ್ನೇ ನೋಡಿ. ಮೂಲದಲ್ಲಿ ಇಕಾರದ ಪಕ್ಕದಲ್ಲಿಯೇ ಓಕಾರವಿದೆ. ನಡುವಿನ ಯಕಾರವನ್ನು ತಂದು ಕೂರಿಸಿದವರು ನಾವು. ಯಕಾರಾಗಮ ಪದದೊಳಗೆ ನಡೆಯುವುದಾದರೆ ವಕಾರಾಗಮವೂ ನಡೆಯಬೇಕು. ಎದುರು ಸಾಕ್ಷಿ ಇಲ್ಲವೆಂದಲ್ಲ. 'ಕೋಆಪರೇಟಿವ್' ಎಂದು ಫಲಕಗಳಲ್ಲಿ ಬರೆದದ್ದನ್ನು ದಿನವೂ ನೋಡುತ್ತೇವೆ. ಆದರೂ ಪದದ ನಡುವೆ ಬಿಡಿ ಸ್ವರಾಕ್ಷರ ಬಂದು ನಿಂತರೆ ಓದುವ ಮಗು ಅಲ್ಲಿ ಎಡವುತ್ತದೆ. ವ್ಯಾಕರಣ ಬಲ್ಲವರು ಇದಕ್ಕೆ ತೀರ್ಪು ಹೇಳಬೇಕು.

ಈಗ ನನ್ನನ್ನು ತಡೆದ ಪದಕ್ಕೆ ಬರುತ್ತೇನೆ.

ಬೆನಿಟೋವೈಟ್ ಒಂದು ಸಿಲಿಕೇಟ್, ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಕಟ್ಟಿದ ಖನಿಜ. ಸಿಲಿಕೇಟ್‌ಗಳ ವರ್ಗೀಕರಣವೆಲ್ಲ ಒಂದು ಆಕಾರದ ಮೇಲೆ ನಿಂತಿದೆ. ಒಂದು ಸಿಲಿಕಾನ್ ಪರಮಾಣು, ಅದರ ಸುತ್ತ ನಾಲ್ಕು ಮೂಲೆಗಳಲ್ಲಿ ನಾಲ್ಕು ಆಮ್ಲಜನಕ: ಇದು ಚತುರ್ಮುಖಿ. ಈ ಚತುರ್ಮುಖಿಗಳು ಒಂದರ ಕೈಯನ್ನು ಇನ್ನೊಂದು ಹೇಗೆ ಹಿಡಿದಿವೆ ಎನ್ನುವುದರ ಮೇಲೆ ವರ್ಗ ತೀರ್ಮಾನವಾಗುತ್ತದೆ. ಬೆನಿಟೋವೈಟ್‌ನಲ್ಲಿ ಮೂರು ಚತುರ್ಮುಖಿಗಳು ಕೈಕೈ ಹಿಡಿದು ಒಂದು ಸುತ್ತು ಕಟ್ಟಿಕೊಂಡಿವೆ. ಆ ಸುತ್ತುಗಳ ನಡುವೆ ಬೇರಿಯಂ ಮತ್ತು ಟೈಟಾನಿಯಂ ಕೂತಿವೆ. ರಾಸಾಯನಿಕ ಸೂತ್ರ ಹೇಳುವುದಾದರೆ ಬೇರಿಯಂ ಒಂದು, ಟೈಟಾನಿಯಂ ಒಂದು, ಸಿಲಿಕಾನ್ ಮೂರು, ಆಮ್ಲಜನಕ ಒಂಬತ್ತು.

ಮೂರು ಚತುರ್ಮುಖಿಗಳಿಗೆ ಹನ್ನೆರಡು ಆಮ್ಲಜನಕ ಇರಬೇಕಲ್ಲ, ಒಂಬತ್ತು ಹೇಗೆ? ಮನೆಯ ಮಗುವಿಗೆ ಇದನ್ನು ತೋರಿಸಲು ರಾತ್ರಿ ಕಡಲೆಕಾಳು ನೆನೆಹಾಕಿದೆ. ಬೆಳಿಗ್ಗೆ ಪೊರಕೆಯ ಕಡ್ಡಿಗಳನ್ನು ಸಮನಾಗಿ ಮುರಿದು, ಕಾಳಿಗೆ ಚುಚ್ಚುತ್ತ, ಆರು ಕಡ್ಡಿ ನಾಲ್ಕು ಕಾಳಿನ ಒಂದು ಗೋಪುರ ಕಟ್ಟಿದೆವು. ಅದರ ಒಂದು ಕಾಳನ್ನೇ ಎರಡನೆಯ ಗೋಪುರಕ್ಕೂ ಮೂಲೆಯಾಗಿಸಿದೆವು. ಎರಡನೆಯದರ ಒಂದು ಕಾಳನ್ನು ಮೂರನೆಯದಕ್ಕೆ. ಮೂರನೆಯದನ್ನು ತಿರುಗಿಸಿ ತಂದು ಮೊದಲನೆಯದರ ಇನ್ನೊಂದು ಕಾಳಿಗೆ ಸೇರಿಸಿದಾಗ ಸುತ್ತು ಮುಚ್ಚಿಕೊಂಡಿತು. ಮಗು ಕಾಳುಗಳನ್ನು ಬೆರಳಿಟ್ಟು ಎಣಿಸಿತು: ಒಂಬತ್ತು. ಮೂರು ಕಾಳು ಇಬ್ಬಿಬ್ಬರಿಗೆ ಸೇರಿದ್ದವು. ಕಡ್ಡಿಗಳು ಮಾತ್ರ ಹದಿನೆಂಟೂ ಇದ್ದವು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ನನ್ನ ತಾಯಿ ಅದನ್ನು ನೋಡಿ, "ಮೂರು ಮೂಲೆಯ ಬಳೆಯ ಹಾಗಿದೆ" ಎಂದರು.

ಅಂದಿನಿಂದ ನನ್ನ ಮನಸ್ಸು ಆ ಪದದ ಕಡೆ ವಾಲಿದೆ. ಆದರೆ ಕೋಶದ ಸಂಪಾದಕರು ಕೊಟ್ಟಿರುವ ಪಟ್ಟಿಯಲ್ಲಿ ಈ ವರ್ಗಕ್ಕೆ 'ವಲಯ ಸಿಲಿಕೇಟ್' ಎಂದಿದೆ. ಬೇರೆ ಕಡೆ 'ಉಂಗುರ ಸಿಲಿಕೇಟ್', 'ಚಕ್ರೀಯ ಸಿಲಿಕೇಟ್' ಎರಡನ್ನೂ ಕಂಡಿದ್ದೇನೆ. ಒಂದೊಂದಾಗಿ ತೂಗಿ ನೋಡಿದೆ.

'ವಲಯ' ಮೂಲದಲ್ಲಿ ಬಹಳ ಸರಿಯಾದ ಪದ. ಸಂಸ್ಕೃತದಲ್ಲಿ ಅದರ ಅರ್ಥ ಕೈಬಳೆಯೇ. ಆದರೆ ಇಂದಿನ ಕನ್ನಡಿಗನಿಗೆ ವಲಯ ಎಂದರೆ ಬಳೆ ನೆನಪಾಗುವುದಿಲ್ಲ. ವಲಯ ಅರಣ್ಯಾಧಿಕಾರಿ, ರೈಲ್ವೆ ವಲಯ, ಕೈಗಾರಿಕಾ ವಲಯ ನೆನಪಾಗುತ್ತವೆ. ಪದ ಬಳೆಯಿಂದ ಹೊರಟು ಪ್ರದೇಶವಾಗಿ ನಿಂತುಬಿಟ್ಟಿದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈ ಖನಿಜದಲ್ಲಿ ಅದು ನೇರವಾಗಿ ದಾರಿ ತಪ್ಪಿಸುತ್ತದೆ. ಬೆನಿಟೋವೈಟ್ ಹರಳಿನಲ್ಲಿ ನಡುಭಾಗ ತಿಳಿಯಾಗಿ, ಅಂಚು ಕಡುನೀಲಿಯಾಗಿ ಇರುವುದು ಸಾಮಾನ್ಯ. ಇದನ್ನು ವಿವರಿಸುವಾಗ 'ಬಣ್ಣದ ವಲಯಗಳು' ಎಂದೇ ಬರೆಯಬೇಕಾಗುತ್ತದೆ. ಅದೇ ಪುಟದಲ್ಲಿ 'ವಲಯ ಸಿಲಿಕೇಟ್' ಎಂದರೆ ಓದುವವರು ಬಣ್ಣದ ಪಟ್ಟಿಯಿಂದಲೇ ಆ ಹೆಸರು ಬಂದಿತೆಂದು ತಿಳಿಯುವುದು ಸಹಜ. ಕಣ್ಣಿಗೆ ಕಾಣುವ ಪಟ್ಟಿಗೂ ಪರಮಾಣುಗಳ ಸುತ್ತಿಗೂ ಒಂದೇ ಪದ ಬಳಸುವುದು ನನಗೆ ಒಪ್ಪಿಗೆಯಿಲ್ಲ.

'ಉಂಗುರ' ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಇದು ರತ್ನ. ಉಂಗುರಕ್ಕೆ ಕೂರಿಸುವ ಹರಳಿನ ಬಗ್ಗೆ ಬರೆಯುತ್ತ 'ಇದು ಉಂಗುರ ಸಿಲಿಕೇಟ್' ಎಂದರೆ, ಉಂಗುರಕ್ಕೆ ಹಾಕುವ ಸಿಲಿಕೇಟ್ ಎಂದು ಯಾರಾದರೂ ಓದಿಕೊಳ್ಳುತ್ತಾರೆ. ಪಚ್ಚೆಯ ವಿಷಯದಲ್ಲಿಯೂ ಇದೇ ತೊಡಕು. ಪಚ್ಚೆ ಬೆರಿಲ್ ಎಂಬ ಖನಿಜದ ಹಸಿರು ರೂಪ. ಅದೂ ಇದೇ ವರ್ಗಕ್ಕೆ ಸೇರಿದ್ದು, ಅದರ ಸುತ್ತಿನಲ್ಲಿ ಮೂರರ ಬದಲು ಆರು ಚತುರ್ಮುಖಿಗಳಿವೆ ಅಷ್ಟೆ.

'ಬೆರಿಲ್' ಎಂದಾಗ ಒಂದು ಮಾತು ನೆನಪಾಯಿತು, ಹೇಳದೆ ಮುಂದೆ ಹೋಗಲಾರೆ. ಆ ಪದ ಗ್ರೀಕಿಗೆ ಹೋದದ್ದು ಪ್ರಾಕೃತದ 'ವೇರುಳಿಯ'ದಿಂದ. ನಮ್ಮ ವೈಡೂರ್ಯವೂ ಅದೇ ಬಳ್ಳಿಯದು. ಅದರ ಬೇರು ದ್ರಾವಿಡ ಇರಬಹುದೆಂದೂ, ಬಹುಶಃ ಬೇಲೂರಿನ ಹೆಸರಿಗೆ ಸಂಬಂಧಿಸಿದ್ದೆಂದೂ ನಿರುಕ್ತ ಬರೆದವರಲ್ಲಿ ಕೆಲವರು ಹೇಳುತ್ತಾರೆ. 'ಬಹುಶಃ' ಎಂಬುದನ್ನು ನಾವು ಅಳಿಸಬಾರದು. ಆದರೂ ಒಂದು ಸುತ್ತು-ಸಿಲಿಕೇಟಿನ ಹೆಸರು ದಕ್ಷಿಣದ ನೆಲದಿಂದ ಪಡುವಣಕ್ಕೆ ಹೋಗಿರುವಾಗ, ಆ ವರ್ಗಕ್ಕೆ ಒಂದು ಒಳ್ಳೆಯ ಕನ್ನಡ ಹೆಸರು ನಮ್ಮಲ್ಲಿ ಇಲ್ಲವಲ್ಲ ಎಂಬ ನೋವು ನನಗಿದೆ.

'ಚಕ್ರೀಯ'ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಲಚಕ್ರ, ಋತುಚಕ್ರ, ಚಕ್ರಬಡ್ಡಿಗಳಿಂದಾಗಿ ಅದರಲ್ಲಿ ತಿರುಗುವ, ಮರಳಿ ಬರುವ ಭಾವವೇ ಮುಂದಿದೆ. ಇಲ್ಲಿ ತಿರುಗುವುದು ಏನೂ ಇಲ್ಲ.

ಉಳಿದದ್ದು 'ಬಳೆ'. ತಮಿಳಿನ 'ವಳೈ' ಇದರ ಒಡಹುಟ್ಟು. ಸುತ್ತಿ ಮುಚ್ಚಿಕೊಂಡದ್ದು ಎಂಬ ಅರ್ಥ ಇದರಲ್ಲಿ ಇಂದಿಗೂ ಕೆಟ್ಟಿಲ್ಲ. ಶನಿಗ್ರಹದ ಬಳೆ ಎಂದು ನಾವು ಹೇಳುತ್ತಲೇ ಇದ್ದೇವೆ. ಒಬ್ಬ ಮಿತ್ರರು ಎತ್ತಿದ ಆಕ್ಷೇಪ ಮಾತ್ರ ಗಟ್ಟಿಯಾಗಿದೆ: ಬಳೆ ಎಂದರೆ ಗಾಜಿನ ಬಳೆ, ಗಾಜಿನಲ್ಲಿಯೂ ಸಿಲಿಕಾವೇ ಇದೆ, ಹಾಗಾಗಿ 'ಬಳೆ ಸಿಲಿಕೇಟ್' ಎಂದರೆ ಬಳೆ ಮಾಡುವ ಸಿಲಿಕೇಟ್ ಎಂದಾಗುವುದಿಲ್ಲವೇ? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಈ ಪದವನ್ನು ಒಂಟಿಯಾಗಿ ಇಡದೆ ಅದರ ಬಳಗದೊಡನೆ ಇಟ್ಟರೆ ಗೊಂದಲ ಕರಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಬಳಗ ಹೀಗೆ. ಚತುರ್ಮುಖಿಗಳು ಬಿಡಿಬಿಡಿಯಾಗಿದ್ದರೆ ಒಂಟಿ ಸಿಲಿಕೇಟ್. ನಮ್ಮ ಗೋಮೇಧಿಕ ಅಂಥದ್ದು. ಎರಡೆರಡು ಸೇರಿದ್ದರೆ ಜೋಡಿ. ಸುತ್ತು ಮುಚ್ಚಿದ್ದರೆ ಬಳೆ. ಕೊನೆ ಮುಟ್ಟದೆ ಸಾಲಾಗಿ ಹೋದರೆ ಸರ. ಹರಡಿ ಹಾಸಿಕೊಂಡರೆ ಹಾಳೆ: ಕಾಗೆಬಂಗಾರವನ್ನು ಉಗುರಿನಿಂದ ಎಬ್ಬಿಸಿದವರಿಗೆ ಈ ಹೆಸರಿಗೆ ಬೇರೆ ವಿವರಣೆ ಬೇಕಿಲ್ಲ, ಸ್ಲೇಟಿನ ಮೇಲೆ ಬರೆದ ಬಳಪದ ಕಲ್ಲಿಗೂ ಆ ಜಾರುವ ನುಣುಪು ಬಂದದ್ದು ಇದೇ ಹಾಳೆಗಳಿಂದ. ನಾಲ್ಕು ಮೂಲೆಗಳೂ ಹಂಚಿಕೆಯಾಗಿ ಎಲ್ಲ ದಿಕ್ಕಿಗೂ ಕಟ್ಟಿಕೊಂಡರೆ ಹಂದರ: ಹೊಲದಲ್ಲಿ ಸಿಗುವ ಬೆಣಚುಕಲ್ಲು. ಒಂಟಿ, ಜೋಡಿ, ಬಳೆ, ಸರ, ಹಾಳೆ, ಹಂದರ. ಆರೂ ಮನೆಯ ಮಾತುಗಳು, ಆರೂ ಆಕಾರವನ್ನೇ ಹೇಳುತ್ತವೆ. ಸರ ಮತ್ತು ಬಳೆ ಪಕ್ಕಪಕ್ಕದಲ್ಲಿ ಇರುವುದರಿಂದ ಇನ್ನೂ ಒಂದು ಲಾಭವಿದೆ. ಒಂಟಿ ಸರದಲ್ಲಿಯೂ ಬಳೆಯಲ್ಲಿಯೂ ಸಿಲಿಕಾನ್ ಒಂದಕ್ಕೆ ಆಮ್ಲಜನಕ ಮೂರು. ಸೂತ್ರ ನೋಡಿ ಬೇರ್ಪಡಿಸಲು ಬರುವುದಿಲ್ಲ. ಹರಳಿಗೆ ಕ್ಷಕಿರಣ ಹಾಯಿಸಿ ಒಳಗಿನ ಜೋಡಣೆಯನ್ನೇ ಕಾಣಬೇಕು. ಬೆನಿಟೋವೈಟ್‌ನ ಬಳೆಯನ್ನು 1930ರಲ್ಲಿ ಹಾಗೆ ಕಂಡುಹಿಡಿದವರು ಹರಳುಗಳ ಒಳರಚನೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಜಕಾರಿಯಾಸೆನ್. ಸರದ ಕೊಂಡಿಯನ್ನು ಹಾಕಿದರೆ ಬಳೆ, ಬಿಟ್ಟರೆ ಸರ ಎಂದು ಮಗುವಿಗೆ ಒಂದೇ ವಾಕ್ಯದಲ್ಲಿ ಹೇಳಬಹುದು.

ಇನ್ನು ಮೂರು ಸಣ್ಣ ಪ್ರಶ್ನೆಗಳು.

ಈ ಖನಿಜವನ್ನು 'ವಿರಳ ಖನಿಜ' ಎಂದು ಬರೆದಿದ್ದೆ, ಹೊಡೆದುಹಾಕಿದೆ. ವಿರಳ ಲೋಹ, ವಿರಳ ಭೂಧಾತು ಎಂಬ ಮಾತುಗಳನ್ನು ಪತ್ರಿಕೆಯಲ್ಲಿ ಓದುವವರು ಇದನ್ನೂ ಆ ಗುಂಪಿಗೆ ಸೇರಿಸುತ್ತಾರೆ. ಬೇರಿಯಂ, ಟೈಟಾನಿಯಂ ಎರಡೂ ಆ ಗುಂಪಿನವಲ್ಲ. 'ಅಪರೂಪದ ಖನಿಜ' ಎಂದು ಬದಲಿಸಿದ್ದೇನೆ. ಸಂಸ್ಕೃತ ಬಲ್ಲ ಹಿರಿಯರೊಬ್ಬರು 'ಅಪರೂಪ' ಎಂದರೆ ವಿಕಾರರೂಪ ಎಂದು ಹಿಂದೊಮ್ಮೆ ತಿದ್ದಿದ್ದರು. ಸಂಸ್ಕೃತದಲ್ಲಿ ಹೌದು. ಕನ್ನಡದಲ್ಲಿ ಅಪರೂಪಕ್ಕೆ ಬಂದ ನೆಂಟನನ್ನು ಯಾರೂ ವಿಕಾರ ಎಂದುಕೊಳ್ಳುವುದಿಲ್ಲ.

ಮುರಿತದ ಬಗೆಗೆ 'ಶಂಖಾಕಾರದ ಮುರಿತ' ಎಂದು ಪಟ್ಟಿಯಲ್ಲಿದೆ. ಒಡೆದ ಗಾಜಿನ ಅಂಚಿನಲ್ಲಿ ಕಾಣುವ, ಒಳಬಾಗಿದ, ಗೆರೆಗೆರೆಯ ಮೇಲ್ಮೈ ಇದು. ಶಂಖದ ಸುರುಳಿಗೂ ಇದಕ್ಕೂ ಹೋಲಿಕೆ ಇಲ್ಲ. ಕಪ್ಪೆಚಿಪ್ಪಿನ ಒಳಮೈಗೆ ಇದೆ. 'ಚಿಪ್ಪುಮುರಿತ' ಎಂದರೆ ಸಾಕಲ್ಲವೇ?

ಕೊನೆಯದು ನನಗೆ ತುಂಬ ಪ್ರಿಯವಾದ ಗುಣ. ಈ ಹರಳನ್ನು ಅದರ ಮುಖ್ಯ ಅಕ್ಷದ ನೇರಕ್ಕೆ ಹಿಡಿದು ನೋಡಿದರೆ ಬಣ್ಣವೇ ಇಲ್ಲ, ಅಡ್ಡಲಾಗಿ ಹಿಡಿದರೆ ನೀಲಿ. ಪಟ್ಟಿಯಲ್ಲಿ 'ದ್ವಿವರ್ಣತೆ' ಎಂದಿದೆ. ಅದನ್ನು ಓದಿದರೆ ಎರಡು ಬಣ್ಣ ಅಕ್ಕಪಕ್ಕ ಇರುವಂತೆ ಕಾಣುತ್ತದೆ, ಒಡಲು ಒಂದು ಬಣ್ಣ, ಅಂಚು ಒಂದು ಬಣ್ಣದ ಸೀರೆಯ ಹಾಗೆ. ಇಲ್ಲಿರುವುದು ಬೇರೆ: ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣವಾಗಿ ನೆಯ್ದ ರೇಷ್ಮೆಯನ್ನು ತಿರುವಿದಾಗ ಬಣ್ಣ ಹೊರಳುತ್ತದಲ್ಲ, ಅದಕ್ಕೆ ಹತ್ತಿರ. ಅಂಥ ಬಟ್ಟೆಗೆ ನೇಕಾರರು ನಿಮ್ಮ ಕಡೆ ಏನೆನ್ನುತ್ತಾರೆ? ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರಿನ ಕಡೆಯವರು ಈ ಬಳಗದಲ್ಲಿದ್ದರೆ ದಯವಿಟ್ಟು ಮಗ್ಗದ ಮನೆಯಲ್ಲಿ ಕೇಳಿ ಬರೆಯಿರಿ. ಹಾಗೆಯೇ 'ಬಳೆ'ಯನ್ನು ರಸಾಯನ ವಿಜ್ಞಾನದ ಯಾವುದಾದರೂ ಕನ್ನಡ ಬರಹದಲ್ಲಿ ಈ ಅರ್ಥದಲ್ಲಿ ಈಗಾಗಲೇ ಬಳಸಿದ್ದನ್ನು ಕಂಡವರಿದ್ದರೆ ಆ ವಾಕ್ಯವನ್ನು ಹಾಗೆಯೇ ಕಳುಹಿಸಿ. ಕರಡನ್ನು ಒಪ್ಪಿಸಲು ತಿಂಗಳ ಕೊನೆಯವರೆಗೆ ಸಮಯವಿದೆ.